ಬೆನ್ನಿಗೆ ಬ್ಯಾಗು, ಜೊತೆಗೆ ಗೆಳತಿಯರು... ಲಂಡನ್‌ಗೆ ಹೊರಡೋಣ್ವಾ?

ಮದುವೆಯಾದ ಹೆಂಗಸರು ಟೂರ್ ಹೊರಡ್ತೀವಿ ಅಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಎಲ್ಲಿಗೆ?’ ಅಲ್ಲ. ‘ಎಷ್ಟು ದುಡ್ಡಾಗುತ್ತೆ?’ ಕೂಡ ಅಲ್ಲ. ‘ಜೊತೆಗೆ ಯಾರಿದ್ದಾರೆ?’ ಗೆಳತಿಯರು ಅಂದರೆ ಸಾಲದು. ‘ಅದು ಸರಿ, ಗಂಡಸರು ಯಾರಾದ್ರೂ...?’ ಧರ್ಮಸ್ಥಳ, ತಿರುಪತಿಗಾದರೆ ಹೇಗೋ ಒಪ್ಪಿಗೆ ಸಿಕ್ಕೀತು. ಆದರೆ ಲಂಡನ್ನು, ಅದೂ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು, ಹಾಸ್ಟೆಲ್‌ನಲ್ಲಿ ಮಲಗಿ, ಮ್ಯೂಸಿಯಂ ಪಬ್ಬು ಅಂತ ಸುತ್ತೋದು ಅಂದರೆ? ಪಬ್ಬಾ! ಅಲ್ಲಿಗೆ ಮಾತು ಮುಗಿಯಿತು.

ಹಾಗಂತ ಆಸೆಯನ್ನು ಅಟ್ಟಕ್ಕೆ ಎಸೆಯಬೇಡಿ. ಮಕ್ಕಳ ಸ್ಕೂಲ್ ಬಸ್ಸಿಗೆ ಕಾಯುತ್ತಾ ನಿಂತು ಪರಿಚಯವಾದ ನಾವು ನಾಲ್ವರು, ಎಲ್ಲರೂ ಮೂವತ್ತು ದಾಟಿದವರು, ಎಂಟು ದಿನ ಲಂಡನ್ ಸುತ್ತಿ ಬಂದೆವು. ಪ್ಯಾಕೇಜ್ ಟೂರ್ ಅಲ್ಲ, ‘ಹತ್ತು ನಿಮಿಷದಲ್ಲಿ ಫೋಟೊ ತೆಗೆಸಿಕೊಂಡು ಬಸ್ ಹತ್ತಿ’ ಅನ್ನೋ ಗೈಡ್ ಇಲ್ಲ. ಯೂರೋಪಿನಲ್ಲಿ ಮೊದಲ ಸಲಕ್ಕೆ ಯಾವ ಊರು ಅಂತ ಕೇಳಿದರೆ ನಾನು ಲಂಡನ್ ಅಂತಲೇ ಹೇಳೋದು. ಭಾಷೆಯ ತೊಡಕಿಲ್ಲ. ಅಲ್ಲಿಯ ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಪ್ಯಾರಿಸ್ಸಿನ ಲೂವ್ರ್‌ನಂಥ ಕಡೆ ಟಿಕೆಟ್ ಕೊಂಡು ಒಳಗೆ ಹೋದರೆ ‘ದುಡ್ಡು ಕೊಟ್ಟಾಗಿದೆ, ಎಲ್ಲಾ ನೋಡಲೇಬೇಕು’ ಅಂತ ಕಾಲೆಳೆದುಕೊಂಡು ನಡೆಯುತ್ತೇವೆ. ಲಂಡನ್ನಿನಲ್ಲಿ ಒಂದೇ ಒಂದು ಚಿತ್ರ ನೋಡಿ ಹೊರಗೆ ಬಂದರೂ ನಷ್ಟವಿಲ್ಲ. ಮಾರನೆಯ ದಿನ ಮತ್ತೆ ಹೋದರಾಯಿತು.

ಚೀಟಿ ಹಣ, ವೀಸಾ ಕಾಗದ

ದುಡ್ಡಿನ ಮಾತು ಮೊದಲೇ ಮುಗಿಸಿಬಿಡೋಣ. ನಾವು ಎರಡು ವರ್ಷ ತಿಂಗಳು ತಿಂಗಳು ಚೀಟಿಯ ಹಾಗೆ ಕೂಡಿಟ್ಟೆವು. ಆದರೆ ಯಾರೋ ಒಬ್ಬರ ಕೈಯಲ್ಲಲ್ಲ, ಅವರವರ ಬ್ಯಾಂಕ್ ಖಾತೆಯಲ್ಲಿ. ಇದಕ್ಕೊಂದು ಕಾರಣವಿದೆ. ಬ್ರಿಟನ್ ವೀಸಾಕ್ಕೆ ಅರ್ಜಿ ಹಾಕುವಾಗ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುತ್ತಾರೆ. ನಮಗೆ ಸಂಬಳವಿಲ್ಲ ಅಂತ ಹಿಂಜರಿಯಬೇಕಿಲ್ಲ, ಗಂಡ ಖರ್ಚು ವಹಿಸುವುದಾದರೆ ಅವರ ಪತ್ರ, ಆದಾಯದ ದಾಖಲೆ, ಮದುವೆ ಸರ್ಟಿಫಿಕೇಟು ಇಟ್ಟರೆ ಆಯಿತು. ಅರ್ಜಿಯ ಹಿಂದಿನ ವಾರ ಎಲ್ಲಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ತುಂಬಿದರೆ ಅನುಮಾನ ಬರುತ್ತದೆ. ತಿಂಗಳು ತಿಂಗಳು ಬಿದ್ದ ಸಣ್ಣ ಹಣ ಹೆಚ್ಚು ಮರ್ಯಾದೆ ತರುತ್ತೆ. ಇನ್ನೊಂದು ಮಾತು, ಫ್ರಾನ್ಸು ಜರ್ಮನಿಗೆಲ್ಲ ನಡೆಯುವ ಷೆಂಗೆನ್ ವೀಸಾ ಲಂಡನ್ನಿಗೆ ನಡೆಯದು. ಬ್ರಿಟನ್ನಿನದೇ ಬೇರೆ. ಹೊರಡುವ ಮೂರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು.

ಬ್ಯಾಗಿನ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ನಿಮ್ಮ ಮನೆಯ ಮೆಟ್ಟಿಲು ಮೂರು ಸಲ ಹತ್ತಿಳಿಯಿರಿ. ಉಸಿರು ಬಂತೋ, ಎರಡು ಸೀರೆ ತೆಗೆದು ಆಚೆಗಿಡಿ. ಪಳಗಿದ ಶೂ, ಮಳೆ ಕೋಟು, ಒಂದು ಶಾಲು ಬೇಕೇ ಬೇಕು. ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿಯ ಅಡಾಪ್ಟರ್. ತಿಂಡಿಗೆ ಚಟ್ನಿಪುಡಿ, ಅವಲಕ್ಕಿ ಸಾಕು. ಹಾಲಿನ ಪದಾರ್ಥ, ಮಾಂಸದ ಪದಾರ್ಥ ನಮ್ಮ ಕಡೆಯಿಂದ ಒಯ್ಯುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಹಣ್ಣಿನ ಉಸಾಬರಿಯೂ ಬೇಡ.

ಹಾಸ್ಟೆಲ್ ಅಂದರೆ ಕಾಲೇಜು ಹುಡುಗರ ಜಾಗ ಅನ್ನೋ ಭಾವನೆ ನಮಗೆಲ್ಲಾ ಇದೆ. ಅಲ್ಲಿ ಅರವತ್ತರ ಅಜ್ಜಿಯರೂ ಇರುತ್ತಾರೆ! ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಕೇಳಿ ಬುಕ್ ಮಾಡಿ. ನಾಲ್ಕು ಮಂಚದ ಕೋಣೆ ಸಿಕ್ಕರೆ ಪೂರ್ತಿ ನಿಮ್ಮದೇ. ಲಾಕರ್ ಇರುತ್ತೆ, ಬೀಗ ನೀವೇ ಒಯ್ಯಬೇಕಾಗಬಹುದು. ಅಡುಗೆ ಕೋಣೆ ಇರುವ ಹಾಸ್ಟೆಲ್ ಆದರೆ ಬೆಳಗಿನ ಉಪ್ಪಿಟ್ಟಿಗೆ ಮೋಸವಿಲ್ಲ. (ಎಂಟು ದಿನವೂ ನೀವೇ ಮಾಡುತ್ತಾ ನಿಂತರೆ ಮಾತ್ರ ಲಂಡನ್ನಿಗೆ ಹೋದದ್ದೇ ದಂಡ. ಸರದಿ ಹಾಕಿಕೊಳ್ಳಿ.)

ಮ್ಯೂಸಿಯಂ ಅಂದರೆ ಪರೀಕ್ಷೆ ಅಲ್ಲ

ಬ್ರಿಟಿಷ್ ಮ್ಯೂಸಿಯಂ ಬಾಗಿಲು ತೆರೆದದ್ದು 1759ರಲ್ಲಿ. ಒಳಗೆ ಹೋದ ತಕ್ಷಣ ತಲೆ ತಿರುಗುವುದು ಖಂಡಿತ. ಈಜಿಪ್ಟಿನ ಮಮ್ಮಿ, ಗ್ರೀಸಿನ ಶಿಲ್ಪ, ರೊಸೆಟ್ಟಾ ಶಿಲೆ, ನಮ್ಮ ಪಕ್ಕದ ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಕಲ್ಲುಗಳು... ಒಂದೇ ದಿನದಲ್ಲಿ ನೋಡಿ ಮುಗಿಸುತ್ತೇನೆ ಅಂತ ಹೊರಟರೆ ಸಂಜೆಗೆ ಕಾಲಿಗೆ ಎಣ್ಣೆ ತಿಕ್ಕುವುದೊಂದೇ ಕೆಲಸ. ನಾವು ಮಾಡಿಕೊಂಡ ಕಟ್ಟಳೆ ಹೀಗೆ: ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಬೇಕು, ಅದರ ಮುಂದೆ ಎಲ್ಲರೂ ನಿಲ್ಲಬೇಕು, ಆಮೇಲೆ ಒಂದೂವರೆ ಗಂಟೆ ಅವರವರ ದಾರಿ ಅವರವರಿಗೆ. ಎಲ್ಲರೂ ಒಟ್ಟಿಗೇ ಅಂಟಿಕೊಂಡು ಓಡಾಡಿದರೆ ಯಾರೂ ಏನನ್ನೂ ನೋಡುವುದಿಲ್ಲ. ಮಕ್ಕಳ ಫೀಸಿನ ಮಾತು ಅಲ್ಲೂ ಶುರುವಾಗುತ್ತೆ ನೋಡಿ!

ನಮ್ಮವರು ತಪ್ಪದೆ ನೋಡಬೇಕಾದದ್ದು ಟಿಪ್ಪುವಿನ ಹುಲಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಹೊತ್ತೊಯ್ದ ಮರದ ಹುಲಿ. ಕೆಳಗೆ ಬಿದ್ದ ಯೂರೋಪಿನ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ಇದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟಿ ಸಿಪಾಯಿ ನರಳಬೇಕು. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಮನೆಯಲ್ಲಿಟ್ಟಿದ್ದಾಗ ಬಂದವರೆಲ್ಲ ತಿರುಗಿಸಿ ಮೋಜು ನೋಡುತ್ತಿದ್ದರಂತೆ. ಎರಡನೇ ಮಹಾಯುದ್ಧದ ಬಾಂಬಿಗೆ ಛಾವಣಿ ಕುಸಿದು ಮುರಿದೂ ಹೋಗಿತ್ತು, ಜೋಡಿಸಿದ್ದಾರೆ. ಶ್ರೀರಂಗಪಟ್ಟಣಕ್ಕೆ ಪಿಕ್‌ನಿಕ್ ಹೋಗುತ್ತಾ ಬೆಳೆದ ನಮ್ಮ ಮಂಡ್ಯದ ಗೆಳತಿ ಇಂಗ್ಲೆಂಡಿನವರ ಮೇಲೆ ಸಿಟ್ಟಾದಳೋ, ಹುಲಿಯನ್ನು ನೋಡಿ ಖುಷಿಯಾದಳೋ ಅವಳಿಗೇ ಗೊತ್ತಾಗಲಿಲ್ಲ. ‘ಇದು ನಮ್ಮೂರಿದು ಕಣ್ರೇ’ ಅಂತ ಮೂರು ಸಲ ಹೇಳಿದಳು. ಒಂದು ಎಚ್ಚರಿಕೆ: ಗ್ಯಾಲರಿಗಳನ್ನು ಆಗಾಗ ದುರಸ್ತಿಗೆ ಮುಚ್ಚುತ್ತಾರೆ, ವಸ್ತುಗಳ ಜಾಗ ಬದಲಿಸುತ್ತಾರೆ. ನಿಮಗೆ ಬೇಕಾದದ್ದು ಎಲ್ಲಿದೆ ಅಂತ ಹೋಗುವ ವಾರ ಆಯಾ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಅದೇ ಮ್ಯೂಸಿಯಂನ ಇನ್ನೊಂದು ಆಸ್ತಿ ‘ಗ್ರೇಟ್ ಬೆಡ್ ಆಫ್ ವೇರ್’. ನಾನೂರು ವರ್ಷಕ್ಕೂ ಹಳೆಯ, ಮೂರು ಮೀಟರಿಗೂ ಹೆಚ್ಚು ಅಗಲದ ಮಂಚ. ವೇರ್ ಎಂಬ ಊರಿನ ತಂಗುಮನೆಯಲ್ಲಿ ಗಿರಾಕಿಗಳನ್ನು ಸೆಳೆಯಲಿಕ್ಕೇ ಇಟ್ಟಿದ್ದರಂತೆ. ಮಲಗಿದವರು ತಮ್ಮ ಹೆಸರಿನ ಅಕ್ಷರ ಕೆತ್ತಿ ಹೋಗಿದ್ದಾರೆ, ನಮ್ಮ ಹಳೇಬೀಡಿನ ಗೋಡೆ ಮೇಲೆ ಪ್ರೇಮಿಗಳು ಬರೆಯೋ ಹಾಗೆ.

ನನ್ನ ಆಯ್ಕೆ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಒಂದು ಸಣ್ಣ ಚಿತ್ರ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರ. ಗಂಡ ಹೆಂಡತಿ ಕೈ ಹಿಡಿದು ನಿಂತಿದ್ದಾರೆ. ಹೆಂಡತಿ ಹಸಿರು ನಿಲುವಂಗಿಯನ್ನು ಹೊಟ್ಟೆಯ ಹತ್ತಿರ ಒಟ್ಟುಮಾಡಿ ಹಿಡಿದಿದ್ದಾಳೆ. ಬಸುರಿ ಅನ್ನಿಸುತ್ತೆ, ಆದರೆ ಅದು ಆ ಕಾಲದ ಫ್ಯಾಷನ್ ಅಷ್ಟೆ ಅನ್ನುತ್ತಾರೆ ತಿಳಿದವರು. ಕಿಟಕಿ ಬಳಿ ಕಿತ್ತಳೆ ಹಣ್ಣು. ಆಗ ಅದು ದುಬಾರಿ ಹಣ್ಣು, ಅಂದರೆ ಸಿರಿವಂತಿಕೆ ತೋರಿಸೋದಕ್ಕೆ. ಹಿಂದಿನ ಗೋಡೆಯ ದುಂಡು ಕನ್ನಡಿಯಲ್ಲಿ ಬಾಗಿಲಿಗೆ ಬಂದ ಇನ್ನಿಬ್ಬರು ಕಾಣುತ್ತಾರೆ. ಆ ಹಿತ್ತಾಳೆಯ ತೂಗುದೀಪ ಫಳಫಳ ಹೊಳೆಯುತ್ತಿದೆ. ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ಹಾಗಿದೆ, ಯಾರು ತಿಕ್ಕಿದರೋ ಪಾಪ! ಕಲಾ ವಿಮರ್ಶಕರಿಗೆ ಹೊಳೆಯದ್ದು ನಮಗೆ ಹೊಳೆಯುತ್ತೆ, ಅದಕ್ಕೇ ನೋಡಬೇಕು.

ಮನೆ ನೋಡುವ ಚಪಲ ಇದ್ದವರು ಹಾಕ್ಸ್‌ಟನ್ ರೈಲು ನಿಲ್ದಾಣದ ಎದುರಿಗಿರುವ ‘ಮ್ಯೂಸಿಯಂ ಆಫ್ ದ ಹೋಮ್’ಗೆ ಹೋಗಲೇಬೇಕು. ಬಡ ವೃದ್ಧರಿಗಾಗಿ 1714ರಲ್ಲಿ ಕಟ್ಟಿದ ವಸತಿಯಲ್ಲಿ ಬೇರೆ ಬೇರೆ ಕಾಲದ ಲಂಡನ್ ಮನೆಗಳ ನಡುಮನೆಗಳನ್ನು ಸಾಲಾಗಿ ಜೋಡಿಸಿದ್ದಾರೆ. ಕುರ್ಚಿ, ಒಲೆ, ಪರದೆ, ಟೀ ಕಪ್ಪು. ರಾಜರ ಕಿರೀಟ ಅಲ್ಲ ಸ್ವಾಮಿ, ಮನೆವಾರ್ತೆ! ಪ್ರವೇಶ ಉಚಿತ, ಸೋಮವಾರ ರಜೆ.

ಶುಕ್ರವಾರವನ್ನು ಮಾತ್ರ ಮ್ಯೂಸಿಯಂಗೆ ಕಾದಿರಿಸಿ. ಅಂದು ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆವರೆಗೆ, ನ್ಯಾಷನಲ್ ಗ್ಯಾಲರಿ ಒಂಬತ್ತರವರೆಗೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಹತ್ತರವರೆಗೆ ತೆರೆದಿರುತ್ತೆ. ಸ್ಕೂಲ್ ಮಕ್ಕಳ ಗದ್ದಲ ಇರೋದಿಲ್ಲ. ದೊಡ್ಡ ಬ್ಯಾಗುಗಳನ್ನು ಒಳಗೆ ಬಿಡುವುದಿಲ್ಲ, ಹಾಸ್ಟೆಲ್‌ನಲ್ಲೇ ಇಟ್ಟು ಹೋಗಿ. ಊರು ಸುತ್ತುವಾಗ ಟಾಯ್ಲೆಟ್ ಚಿಂತೆ ಬಂದರೂ ಹತ್ತಿರದ ಮ್ಯೂಸಿಯಂ ಹುಡುಕಿ. ಚೊಕ್ಕಟ, ಬಿಟ್ಟಿ.

ಈಗ ಬನ್ನಿ, ಪಬ್ಬಿನ ಬಾಗಿಲಿಗೆ

ನಮ್ಮ ಕಡೆ ‘ಪಬ್’ ಅಂದರೆ ಕತ್ತಲೆ, ಕಿವಿಗಡಚಿಕ್ಕುವ ಹಾಡು, ಹುಡುಗರು. ಜೊತೆಗೆ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದ ದೃಶ್ಯ ಟಿ.ವಿ.ಯಲ್ಲಿ ನೋಡಿದವರಿಗೆ ಅದು ಸುಲಭಕ್ಕೆ ಮರೆಯೋದಿಲ್ಲ. ಲಂಡನ್ನಿನ ಹಳೇ ಪಬ್ಬು ಬೇರೆಯೇ. ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ಹೆಸರದು. ಮರದ ಬೆಂಚು, ಪುಸ್ತಕ ಓದುತ್ತಾ ಕೂತ ಮುದುಕ, ಕಾಲ ಬುಡದಲ್ಲಿ ಮಲಗಿದ ನಾಯಿ, ಪಕ್ಕದ ಟೇಬಲ್ಲಿನಲ್ಲಿ ಊಟ ಮಾಡುತ್ತಿರುವ ಸಂಸಾರ. 2007ರ ಜುಲೈನಿಂದ ಒಳಗೆ ಸಿಗರೇಟು ಸೇದುವಂತಿಲ್ಲ, ಆ ಹೊಗೆಯೂ ಇಲ್ಲ.

ಆದರೆ ಅಲ್ಲಿಯ ಹೆಂಗಸರಿಗೂ ಇದೆಲ್ಲ ಪುಕ್ಕಟೆ ಸಿಕ್ಕಿದ್ದಲ್ಲ. ಫ್ಲೀಟ್ ಸ್ಟ್ರೀಟ್‌ನ ‘ಎಲ್ ವಿನೊ’ ಎಂಬ ವೈನ್ ಬಾರ್‌ನಲ್ಲಿ ಹೆಂಗಸರು ಕೌಂಟರ್ ಬಳಿ ನಿಂತು ಕೇಳಿದರೆ ಕೊಡುತ್ತಿರಲಿಲ್ಲ, ಹಿಂದಿನ ಕೋಣೆಯಲ್ಲಿ ಹೋಗಿ ಕೂರಬೇಕಿತ್ತು. ವಕೀಲೆ ಟೆಸ್ ಗಿಲ್, ಪತ್ರಕರ್ತೆ ಆನ್ನಾ ಕೂಟ್ ಇಬ್ಬರೂ ಕೇಸು ಹಾಕಿ 1982ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ನಮ್ಮಲ್ಲಿ ಕಲರ್ ಟಿ.ವಿ. ಬಂದ ವರ್ಷ ಅದು! ಮ್ಯೂಸಿಯಂಗಳೇನು ಕಡಿಮೆಯಿಲ್ಲ. ವೋಟಿಗಾಗಿ ಹೋರಾಡುತ್ತಿದ್ದ ಮೇರಿ ರಿಚರ್ಡ್‌ಸನ್ 1914ರಲ್ಲಿ, ತಮ್ಮ ನಾಯಕಿ ಎಮಿಲಿನ್ ಪ್ಯಾಂಕ್‌ಹರ್ಸ್ಟ್ ಬಂಧನವನ್ನು ಪ್ರತಿಭಟಿಸಿ ನ್ಯಾಷನಲ್ ಗ್ಯಾಲರಿಯ ವೀನಸ್ ಚಿತ್ರವನ್ನು ಕತ್ತಿಯಿಂದ ಸೀಳಿದಳು. (ಚಿತ್ರ ರಿಪೇರಿಯಾಗಿ ಈಗಲೂ ಆ ಗ್ಯಾಲರಿಯಲ್ಲೇ ಇದೆ.) ಆ ಗಲಾಟೆಯ ಕಾಲದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಹೆಂಗಸು ಒಬ್ಬಳೇ ಬಂದರೆ ಜವಾಬ್ದಾರಿ ಹೊರುವವರೊಬ್ಬರ ಪತ್ರ ಕೇಳುತ್ತಿದ್ದರು. ಅದೇ ಪ್ರಶ್ನೆ ನೋಡಿ, ‘ಜೊತೆಗೆ ಯಾರಿದ್ದಾರೆ?’

ಪಬ್ಬಿನಲ್ಲಿ ವೇಟರ್ ಬರಲಿ ಅಂತ ಕಾಯಬೇಡಿ. ಖಾಲಿ ಟೇಬಲ್ ಹಿಡಿದು, ಅದರ ನಂಬರ್ ನೋಡಿಕೊಂಡು, ಕೌಂಟರ್‌ಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬನ್ನಿ. ಕೌಂಟರಿನಲ್ಲಿ ಟಿಪ್ಸ್ ಕೊಡಬೇಕಿಲ್ಲ. ಕುಡಿಯದವರಿಗೆ ‘ಲೈಮ್ ಅಂಡ್ ಸೋಡಾ’ ಅಂತ ಒಂದಿದೆ, ಅಗ್ಗ, ಯಾರೂ ವಿಚಿತ್ರವಾಗಿ ನೋಡೋದಿಲ್ಲ. ‘ಲೆಮನೇಡ್’ ಅಂದರೆ ನಮ್ಮ ನಿಂಬೆ ಶರಬತ್ತಲ್ಲ, ಗ್ಯಾಸಿನ ಸಿಹಿ ಸೋಡಾ. ‘ಸೈಡರ್’ ಆಪಲ್ ಜ್ಯೂಸ್ ಅಂದುಕೊಂಡೀರಿ, ಅದು ಅಪ್ಪಟ ಮದ್ಯ! ‘ಶಾಂಡಿ’ ಬಿಯರಿಗೆ ಲೆಮನೇಡ್ ಬೆರೆಸಿದ್ದು. ಒಂದು ಪೈಂಟ್ ಅಂದರೆ 568 ಮಿ.ಲೀ., ರುಚಿ ನೋಡುವ ಆಸೆಯಿದ್ದರೆ ಅರ್ಧ ಪೈಂಟ್ ಕೇಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ಕುಡಿಯೋದು ಬಿಡೋದು ಅವರವರ ಇಷ್ಟ, ಆದರೆ ಜೀವಮಾನದಲ್ಲಿ ಮುಟ್ಟದವರು ಪರದೇಶದಲ್ಲಿ ಧೈರ್ಯ ಪರೀಕ್ಷೆಗೆ ಇಳಿಯಬಾರದು ಅನ್ನೋದು ನನ್ನ ಮಾತು. ನಲ್ಲಿ ನೀರು ಕೇಳಿದರೆ ಬಿಟ್ಟಿ ಕೊಡಲೇಬೇಕು, ಕಾನೂನೇ ಹಾಗಿದೆ.

ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯಲ್ಲಿ ಎಲ್ಲರಿಗೂ ಕೊಳ್ಳುವ ಪದ್ಧತಿಗೆ ‘ರೌಂಡ್’ ಅನ್ನುತ್ತಾರೆ. ನಮಗದು ಬೇಡ. ಲೈಮ್ ಸೋಡಾದವಳು ಬಿಯರಿನವಳ ಖರ್ಚು ಹೊರುವುದರಲ್ಲಿ ನ್ಯಾಯವಿಲ್ಲ. ಬಸ್ಸು, ದಿನಸಿಗೆ ಒಂದು ಜಂಟಿ ಪರ್ಸು, ಪಬ್ಬಿನಲ್ಲಿ ಅವರವರದು ಅವರವರಿಗೆ.

ಸಸ್ಯಾಹಾರಿಗಳು ಎರಡು ವಿಷಯ ಕೇಳಿ ತಿಳಿಯಿರಿ. ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನು ಕರಿದಿದ್ದಾರಾ? ಮೇಲೆ ಸುರಿದ ಗ್ರೇವಿ ಮಾಂಸದ್ದಾ? ಬೇಯಿಸಿದ ಇಡೀ ಆಲೂಗಡ್ಡೆ, ‘ಜಾಕೆಟ್ ಪೊಟ್ಯಾಟೊ’, ನಮ್ಮ ಪ್ರಾಣ ಉಳಿಸಿತು. ಚಟ್ನಿಪುಡಿ ಪರ್ಸಿನಲ್ಲೇ ಇತ್ತಲ್ಲ! ಪಬ್ಬು ಹನ್ನೊಂದರವರೆಗೆ ತೆರೆದಿದ್ದರೂ ಅಡುಗೆಮನೆ ಮೊದಲೇ ಮುಚ್ಚುತ್ತೆ, ಬೇಗ ಹೋಗಿ.

ಮೊದಲ ಪಬ್ಬಿಗೆ ನಾನು ಹೇಳೋದು ಸದರ್ಕ್‌ನ ‘ಜಾರ್ಜ್ ಇನ್’. 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು, ಕುದುರೆಗಾಡಿಗಳು ಬಂದು ನಿಲ್ಲುತ್ತಿದ್ದ ಛತ್ರ ಅನ್ನಿ. ಮಹಡಿಯ ಉದ್ದಕ್ಕೂ ಮರದ ಜಗಲಿ ಇರುವ ಇಂಥ ಹಳೇ ಛತ್ರ ಲಂಡನ್ನಿನಲ್ಲಿ ಇದೊಂದೇ ಉಳಿದಿರೋದು. ಮುಂದೆ ಅಂಗಳದಲ್ಲೇ ಬೆಂಚುಗಳು. ನಮ್ಮಲ್ಲೊಬ್ಬಳು ಮಡಿವಂತರ ಮನೆಯವಳು, ‘ನಾನು ಹೊರಗೇ ನಿಂತಿರ್ತೀನಿ, ನೀವು ಹೋಗ್ಬನ್ನಿ ಕಣ್ರೇ’ ಅಂದಳು. ಕೈ ಹಿಡಿದು ಎಳೆಯಲಿಲ್ಲ ನಾವು. ನಾಲ್ವರೂ ಅಂಗಳದಲ್ಲೇ ಕೂತೆವು. ಸೋಡಾ ಮುಗಿದ ಮೇಲೆ ಟಾಯ್ಲೆಟ್ ಹುಡುಕಿಕೊಂಡು ಒಳಗೆ ಹೋದವಳು ಕಾಲು ಗಂಟೆ ಬರಲಿಲ್ಲ. ಹೋಗಿ ನೋಡಿದರೆ ಒಬ್ಬ ಇಂಗ್ಲಿಷ್ ಅಜ್ಜಿಯ ಜತೆ ಕ್ರೋಶಾ ಹೆಣಿಗೆಯ ಬಗ್ಗೆ ಮಾತಾಡುತ್ತಾ ನಿಂತಿದ್ದಾಳೆ!

ಫ್ಲೀಟ್ ಸ್ಟ್ರೀಟ್ ಕಡೆ ಹೋದರೆ ‘ಯೀ ಓಲ್ಡ್ ಚೆಷೈರ್ ಚೀಸ್’ ನೋಡಿ. ಲಂಡನ್ ಸುಟ್ಟ ಮಾರನೇ ವರ್ಷ, 1667ರಲ್ಲಿ ಮತ್ತೆ ಎದ್ದದ್ದು, ಓಣಿಯೊಳಗೆ ಓಣಿ. ಅಲ್ಲೇ ಹತ್ತಿರದಲ್ಲಿ 1755ರ ಇಂಗ್ಲಿಷ್ ನಿಘಂಟಿನ ಡಾ. ಜಾನ್ಸನ್ ಮನೆ, ಅದೀಗ ಟಿಕೆಟ್ ಇರುವ ಮ್ಯೂಸಿಯಂ. ಎದುರಿಗೆ ಅವನ ಬೆಕ್ಕು ಹಾಡ್ಜ್‌ನ ಪುಟ್ಟ ಪ್ರತಿಮೆ. ಬೆಕ್ಕಿಗೆ ಬೇಕಾದ ಸಿಂಪಿಯನ್ನು ಆ ದೊಡ್ಡ ಪಂಡಿತ ತಾನೇ ಹೋಗಿ ತರುತ್ತಿದ್ದನಂತೆ, ಆಳುಗಳಿಗೆ ಬೆಕ್ಕಿನ ಮೇಲೆ ಬೇಸರ ಬಾರದಿರಲಿ ಅಂತ. ಬ್ರಿಟಿಷ್ ಮ್ಯೂಸಿಯಂ ಎದುರಿಗೇ ‘ಮ್ಯೂಸಿಯಂ ಟಾವರ್ನ್’ ಇದೆ, ಕಾಲು ನೋವಿಗೆ ಅದೇ ಔಷಧ.

ಗೆಳೆತನ ಉಳಿಯಬೇಕಲ್ಲ

ಎಂಟು ದಿನ ಒಂದೇ ಕೋಣೆಯಲ್ಲಿದ್ದರೆ ಯಾರ ಗೊರಕೆ ಎಷ್ಟು, ಯಾರು ಬಾತ್‌ರೂಮಿನಲ್ಲಿ ಮುಕ್ಕಾಲು ಗಂಟೆ ಅನ್ನೋದೆಲ್ಲ ಗೊತ್ತಾಗುತ್ತೆ. ಅದು ದೊಡ್ಡ ವಿಷಯವಲ್ಲ. ದೊಡ್ಡದು ಫೋಟೊ. ಪಬ್ಬಿನಲ್ಲಿ ತೆಗೆದ ಫೋಟೊ ಒಬ್ಬರ ವಾಟ್ಸ್ಆ್ಯಪ್‌ನಿಂದ ಇನ್ನೊಬ್ಬರ ಅತ್ತೆಮನೆ ಗ್ರೂಪಿಗೆ ಹೋಗಲು ಹತ್ತು ನಿಮಿಷ ಸಾಕು. ಕೈಯಲ್ಲಿರೋದು ಲೈಮ್ ಸೋಡಾ ಅಂತ ಅಲ್ಲಿ ಯಾರು ವಿಚಾರಿಸ್ತಾರೆ? ಕೆಲವರ ಮನೆಯಲ್ಲಿ ನಗುತ್ತಾರೆ, ಕೆಲವರ ಮನೆಯಲ್ಲಿ ಆ ಒಂದು ಫೋಟೊ ವರ್ಷಗಟ್ಟಲೆ ಮಾತಾಗುತ್ತೆ, ಮುಂದಿನ ಸಲ ಪಕ್ಕದೂರಿನ ಮದುವೆಗೂ ಕಳಿಸೋದಿಲ್ಲ. ಚಿತ್ರದಲ್ಲಿರುವ ಎಲ್ಲರೂ ಹೂಂ ಅನ್ನದೆ ಒಂದೂ ಆಚೆ ಹೋಗಬಾರದು. ವಿಮಾನ ಹತ್ತುವ ಮೊದಲೇ ಈ ಮಾತು ಆಗಿರಲಿ.

ಸುರಕ್ಷತೆಗೆ ಮೂರು ನಾಲ್ಕು ವಿಷಯ. ಪೊಲೀಸರಿಗೆ 999. ರೈಲಿನಲ್ಲಿ ಯಾರಾದರೂ ಕಿರುಕುಳ ಕೊಟ್ಟರೆ 61016ಕ್ಕೆ ಮೆಸೇಜ್ ಕಳಿಸಿದರೆ ರೈಲ್ವೆ ಪೊಲೀಸರಿಗೆ ತಲುಪುತ್ತೆ. ಎಷ್ಟೋ ಪಬ್ಬುಗಳಲ್ಲಿ ಹೆಣ್ಣುಮಕ್ಕಳಿಗೆ ಭಯ ಅನ್ನಿಸಿದರೆ ಕೌಂಟರ್‌ಗೆ ಹೋಗಿ ‘ಏಂಜೆಲಾ ಇದ್ದಾರಾ?’ ಅಂತ ಕೇಳಿದರೆ ಸಾಕು, ಸಿಬ್ಬಂದಿಗೆ ಅರ್ಥವಾಗುತ್ತೆ. 2016ರಲ್ಲಿ ಶುರುವಾದ ಏರ್ಪಾಡು. ಗ್ಲಾಸನ್ನು ಟೇಬಲ್ ಮೇಲೆ ಬಿಟ್ಟು ಎದ್ದು ಹೋಗಬೇಡಿ. ರಸ್ತೆ ಬದಿ ಮೊಬೈಲ್ ಹಿಡಿದು ಮ್ಯಾಪ್ ನೋಡುತ್ತಾ ನಿಂತರೆ ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ, ಅಂಗಡಿಯೊಳಗೆ ಹೋಗಿ ನೋಡಿ. ಬಸ್ಸಿನಲ್ಲಿ ನಗದು ನಡೆಯದು, ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬೇಕು. ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಟಿಕೆಟ್ಟಿನ ದುಡ್ಡು. ಡಬ್ಬಲ್ ಡೆಕ್ಕರ್‌ನ ಮೇಲಿನ ಮುಂದಿನ ಸೀಟು ಹಿಡಿದರೆ ಬೇರೆ ಟೂರ್ ಬಸ್ಸೇ ಬೇಡ. ಒಂದು ಸಂಜೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ನಮ್ಮ ಬಸವಣ್ಣನವರ ಪ್ರತಿಮೆಗೂ ನಡೆದುಕೊಂಡು ಹೋಗಿ. 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು, ನದಿಯ ಆಚೆಗೆ ಪಾರ್ಲಿಮೆಂಟು ಕಾಣುತ್ತೆ.

ಜೂನ್‌ನಲ್ಲಿ ಹೋದರೆ ರಾತ್ರಿ ಒಂಬತ್ತರವರೆಗೂ ಬೆಳಕು, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಮೊದಲ ಸಲಕ್ಕೆ ಬೇಸಿಗೆಯೇ ಒಳ್ಳೆಯದು. ಮನೆಯಲ್ಲಿ ‘ಕತ್ತಲಾಗೋದ್ರೊಳಗೆ ರೂಮಿಗೆ ಬಂದ್ಬಿಡಿ’ ಅಂತ ಮಾತು ತಗೊಂಡಿದ್ದರೂ ಒಂಬತ್ತಕ್ಕೆ ವಾಪಸಾದರೆ ಮಾತು ತಪ್ಪಿದ ಹಾಗಾಗಲಿಲ್ಲ!

ಹೊರಡುವ ಹಿಂದಿನ ದಿನ ಎಂಟು ದಿನದ ಸಾರು, ಪಲ್ಯ ಮಾಡಿ ಫ್ರಿಜ್ಜಿನಲ್ಲಿ ಜೋಡಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ತೊಗರಿಬೇಳೆ ಡಬ್ಬ ಯಾವುದು, ಕಡಲೆಬೇಳೆ ಡಬ್ಬ ಯಾವುದು ಅಂತ ಚೀಟಿ ಅಂಟಿಸಿ, ಗ್ಯಾಸ್ ಬುಕ್ ಮಾಡುವ ನಂಬರ್ ಬರೆದಿಡಿ. ಮಕ್ಕಳ ಯೂನಿಫಾರ್ಮ್ ಇರುವ ಬೀರು ತೋರಿಸಿ. ಲಂಡನ್ನಿನ ಬೆಳಗಿನ ಏಳು ಗಂಟೆಗೆ ನಮ್ಮಲ್ಲಿ ಬೇಸಿಗೆಯಲ್ಲಾದರೆ ಹನ್ನೊಂದೂವರೆ. ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋಗಿಯಾಗಿರುತ್ತೆ. ಫೋನ್ ಮಾಡುವುದಿದ್ದರೆ ಮಧ್ಯಾಹ್ನ ಮಾಡಿ.